ಮರ ಇದ್ದ ಜಾಗದಿಂದ ಇನ್ನೂರು ಮೀಟರ್

ಪುರಿಸ್ಕಾಲ್,
ನವೆಂಬರ್ ೨೨, ಶುಕ್ರವಾರ

ಪ್ರೀತಿಯ ಬೀಗಿತಿ ಪೆತ್ರೋನಕ್ಕನಿಗೆ ಸೆನೈದಾ ಮಾಡುವ ವಂದನೆಗಳು.

ಮೊದಲು ನಿಮ್ಮ ಕಣ್ಣಿನ ಸಮಾಚಾರ ಹೇಳಿ. ಬಲಗಣ್ಣು ಪೂರ್ತಿ ಕತ್ತಲಾಯಿತು, ಎಡಗಣ್ಣಿನಲ್ಲಿ ಒಲೆಯ ಹೊಗೆ ತುಂಬಿದ ಹಾಗೆ ಕಾಣುತ್ತದೆ, ತೀರ ಹತ್ತಿರ ಬಂದರೆ ಮಾತ್ರ ಮುಖ ಗುರುತಾಗುತ್ತದೆ ಎಂದು ಹೋದ ಪತ್ರದಲ್ಲಿ ಬರೆಸಿದ್ದಿರಿ. ಅದನ್ನು ಓದಿದ ದಿನದಿಂದ ನನಗೆ ಅನ್ನ ಸೇರುತ್ತಿಲ್ಲ. ಡಾಕ್ಟರು ಕೊಟ್ಟ ಹನಿಯನ್ನು ತಪ್ಪದೆ ಹಾಕಿಸಿಕೊಳ್ಳುತ್ತಿದ್ದೀರಿ ತಾನೇ? ಒಲೆಯ ಮುಂದೆ ಕೂತು ಜೋಳದ ರೊಟ್ಟಿ ತಟ್ಟುವುದನ್ನು ಬಿಡಿ ಎಂದರೆ ನೀವು ಬಿಡುವವರಲ್ಲ. ನಾನೂ ಅದೇ ಪೈಕಿ. ನನ್ನ ಮಂಡಿ ಈಗ ಮಳೆ ಬರುವುದನ್ನು ರೇಡಿಯೋಗಿಂತ ಮೊದಲೇ ಹೇಳುತ್ತದೆ. ಸಕ್ಕರೆ ಕಮ್ಮಿ ಮಾಡು ಎಂದಿದ್ದಾರೆ, ಬೆಲ್ಲದ ನೀರನ್ನು ಬೆಳಿಗ್ಗೆ ಒಂದೇ ಲೋಟಕ್ಕೆ ಇಳಿಸಿದ್ದೇನೆ. ಸಂಜೆ ಕುಡಿಯುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಇಮೆಲ್ದಾ ಟೀಚರ್, ಈ ಪತ್ರ ಓದಿ ಹೇಳುವವರು ನೀವೇ ಅಲ್ಲವೇ? ನಿಮಗೊಂದು ಮಾತು. ಬೆಳಕಿರುವಾಗಲೇ ಅಕ್ಕನನ್ನು ಹೊರಗೆ, ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂರಿಸಿಕೊಂಡು ಓದಿ. ಒಂದು ಸಾಲನ್ನೂ ಬಿಡಬೇಡಿ, ನನ್ನನ್ನು ನಾನೇ ಬೈದುಕೊಂಡಿರುವ ಸಾಲುಗಳನ್ನಂತೂ ಬಿಡಲೇಬೇಡಿ. ನಗು ಬಂದರೆ ತಡೆದುಕೊಳ್ಳಿ. ಈ ಸಲ ಪತ್ರವನ್ನು ಬಸ್ಸಿನ ಕಂಡಕ್ಟರ್ ಅಬೆಲಿನೊ ಕೈಗೆ ಕೊಡಲಿಲ್ಲ. ಹೋದ ಸಲ ನನ್ನ ತಮಾಲೆ ಗಂಟಿನಲ್ಲಿ ಎರಡು ಕಮ್ಮಿಯಾಗಿದ್ದವು ಎಂದು ನೀವೇ ಬರೆದಿದ್ದಿರಿ. ಬಾಳೆ ಎಲೆಯಲ್ಲಿ ಕಟ್ಟಿ ಬೇಯಿಸಿದ್ದು ಹಾರಿ ಹೋಗುತ್ತದೆಯೇ? ಹಾಗಾಗಿ ಈ ಬಾರಿ ಬೇರೆ ನಂಬಿಕಸ್ಥರ ಕೈಯಲ್ಲಿ ಕಳಿಸಿದ್ದೇನೆ.

ಪೆತ್ರೋನಕ್ಕ, ನೀವು ಹೋದ ಪತ್ರದಲ್ಲಿ ಒಂದೇ ಒಂದು ಕೇಳಿದ್ದಿರಿ. "ಬೀಗಿತೀ, ಫೋನಿನಲ್ಲಿ ನನ್ನ ಮಗ ಯಾವಾಗ ಕೇಳಿದರೂ ಎಲ್ಲಾ ಸರಿಯಾಗಿದೆ ಅಮ್ಮಾ ಅಂತಾನೆ. ಸರಿಯಾಗಿದ್ದರೆ ಯಾಕೆ ಬರ್ತಿಲ್ಲ? ನೀವಾದರೂ ನಿಜ ಹೇಳಿ. ಉಳಿದ ಬೆಳಕು ಹೋಗುವುದರೊಳಗೆ ಅವನ ಮುಖ ನೋಡ್ತೀನೋ ಇಲ್ಲವೋ?" ಈ ಮಾತಿಗೆ ಅರ್ಧ ಉತ್ತರ ಕೊಡಲು ನನಗೆ ಮನಸ್ಸಿಲ್ಲ. ಆದದ್ದನ್ನೆಲ್ಲ ಮೊದಲಿನಿಂದ ಹೇಳುತ್ತೇನೆ, ಕಾಲು ಚಾಚಿ ಕೂತುಕೊಳ್ಳಿ.

ಮೊದಲಿನಿಂದ ಎಂದರೆ ನನ್ನ ತಪ್ಪಿನಿಂದಲೇ ಶುರು ಮಾಡಬೇಕು. ನನ್ನ ಮಗಳು ಯೊರ್ಲೆನಿ ನಿಮ್ಮ ಮಗನನ್ನು ಮೊದಲ ಸಲ ಮನೆಗೆ ಕರೆದುಕೊಂಡು ಬಂದಾಗ ನಾನು ಒಳ್ಳೆಯವಳಾಗಿರಲಿಲ್ಲ. "ಊರಲ್ಲಿ ಗಂಡಸರೇ ಸತ್ತುಹೋದರಾ, ಗಡಿ ದಾಟಿ ಬಂದ ನಿಕಾನೇ ಬೇಕಿತ್ತಾ ನಿನಗೆ?" ಎಂದೆ. ನಿಮ್ಮ ನಿಕರಾಗುವಾದವರನ್ನು ಇಲ್ಲಿ ಹೀಯಾಳಿಸುವ ಆ ಪದವನ್ನೇ, ಅವನಿಗೆ ಕೇಳಿಸುವಂತೆಯೇ ಎಂದೆ. ಎಲಿಯೆಸೆರ್ ಟೋಪಿಯನ್ನು ಕೈಯಲ್ಲಿ ಹಿಡಿದು ನೆಲ ನೋಡುತ್ತಾ ನಿಂತಿದ್ದ. ನಮ್ಮದು ಮೂಲೆಮನೆ, ಮುಂಬಾಗಿಲು ಮೇಲಿನ ಬೀದಿಗೆ, ಹಿತ್ತಲು ಕೆಳಗಿನ ಬೀದಿಗೆ. ಅಕ್ಕಪಕ್ಕದವರ ಕಣ್ಣಿಗೆ ಬೀಳಬಾರದೆಂದು, "ಬರೋದಾದ್ರೆ ಹಿತ್ತಲಿಂದ ಬಾ" ಎಂದುಬಿಟ್ಟೆ. ಅವನು ಹಿತ್ತಲಿಂದಲೇ ಬಂದ. ಅಲ್ಲಿದ್ದದ್ದು ಮುರುಕು ತಡಿಕೆ. ಬಡಗಿಯ ಕೈ ಸುಮ್ಮನಿರುತ್ತದೆಯೇ, ಒಂದು ಭಾನುವಾರ ಸೀಡರ್ ಹಲಗೆ ತಂದು ಗಟ್ಟಿಯಾದ ಗೇಟು ಮಾಡಿ, ಹಸಿರು ಬಣ್ಣ ಬಳಿದ. ನನ್ನ ಮನೆಯಲ್ಲಿ ಕಿರುಗುಟ್ಟದ ಬಾಗಿಲು ಅದೊಂದೇ. ಮದುವೆಯಾಗಿ ಈ ಮನೆಯಲ್ಲೇ ಸಂಸಾರ ಹೂಡಿದ ಮೇಲೂ ಅವನು ಓಡಾಡಿದ್ದು ಆ ಹಸಿರು ಗೇಟಿನಿಂದಲೇ. "ಈಗ ಮುಂದಿನಿಂದ ಬಾರೋ" ಎಂದು ಹೇಳಬೇಕೆಂದು ನನಗೆ ಹೊಳೆಯಲಿಲ್ಲ, ಕೇಳಬೇಕೆಂದು ಅವನಿಗೆ ಅನ್ನಿಸಲಿಲ್ಲ. ಈ ಗೇಟಿನ ಸಂಗತಿ ನೆನಪಿಟ್ಟುಕೊಳ್ಳಿ ಅಕ್ಕ, ಇಡೀ ಫಜೀತಿಗೆ ಅದೇ ಮೂಲ.

ಮದುವೆಯ ಆಧಾರದ ಮೇಲೆ ಅವನಿಗೆ ಇಲ್ಲಿ ನೆಲೆಸುವ ಕಾರ್ಡು ಸಿಗಲೆಂದು ಮಾರ್ಚಿನಲ್ಲಿ ಅರ್ಜಿ ಹಾಕಿದರು. ವಕೀಲೆ ಒಂದು ಮಾತನ್ನು ಮೂರು ಸಲ ಹೇಳಿದಳು. "ಕಾರ್ಡು ಕೈಗೆ ಬರೋ ತನಕ ಗಡಿ ದಾಟಬೇಡ. ದಾಟಿದ್ಯೋ, ಅರ್ಜಿ ಮುಚ್ಚಿಹೋಗುತ್ತೆ, ವಾಪಸ್ ಒಳಗೆ ಬಿಡಲ್ಲ." ಅದಕ್ಕೇ ಅವನು ಬರಲಿಲ್ಲ ಅಕ್ಕ. ಆರು ವರ್ಷದಿಂದ ನಿಮ್ಮ ಮುಖ ನೋಡದವನು ನಿಮ್ಮನ್ನು ಮರೆತು ಕೂತಿರಲಿಲ್ಲ. ಆ ಕಾರ್ಡಿನ ದಾರಿ ಕಾಯುತ್ತಾ ಕೂತಿದ್ದ.

ಅರ್ಜಿಯಲ್ಲಿ ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಕಾಗದ ತುಂಬಬೇಕು. ಅದರಲ್ಲಿ ವಿಳಾಸ. ನಮ್ಮಲ್ಲಿ ವಿಳಾಸವೆಂದರೆ ಏನು ಎಂದು ನಿಮಗೆ ಹೇಳಬೇಕಾಗಿಲ್ಲ, ನಿಮ್ಮ ಕಡೆಯೂ ಅದೇ ಕತೆ. ಮನೆಗೆ ನಂಬರಿಲ್ಲ, ಬೀದಿಗೆ ಹೆಸರಿಲ್ಲ. ಯೊರ್ಲೆನಿ ಇಲ್ಲೇ ಹುಟ್ಟಿ ಬೆಳೆದವಳು, ಊರಿನವರೆಲ್ಲ ಬರೆಯುವ ಹಾಗೆ ಬರೆದಳು. "ಹಳೆಯ ಅತ್ತಿಮರದಿಂದ ಇನ್ನೂರು ಮೀಟರ್ ದಕ್ಷಿಣಕ್ಕೆ, ಹಂಚಿನ ಮೂಲೆಮನೆ." ಆ ಅತ್ತಿಮರವನ್ನು ಕಡಿದು ಹತ್ತೊಂಬತ್ತು ವರ್ಷವಾಯಿತು. ನಿಮ್ಮ ಮಗ ಊರಿಗೆ ಬರುವ ಹೊತ್ತಿಗೆ ಅಲ್ಲಿ ಬುಡವೂ ಉಳಿದಿರಲಿಲ್ಲ, ಕಾಣದ ಮರದಿಂದ ಅವನು ಹೇಗೆ ಅಳೆಯುತ್ತಾನೆ? ಅವನು ತನಗೆ ಗೊತ್ತಿದ್ದ ದಾರಿಯನ್ನು ಬರೆದ. "ಪಂಕ್ಚರ್ ಅಂಗಡಿಯಿಂದ ನೂರು ಮೀಟರ್ ಕೆಳಕ್ಕೆ, ಹಸಿರು ಗೇಟು." ಎರಡೂ ಸರಿ, ಎರಡೂ ಒಂದೇ ಮನೆ. ಆದರೆ ಕೆಳಗಿನ ಬೀದಿ ಬೇರೆ ವಾರ್ಡಿಗೆ ಸೇರುತ್ತದೆ. ಕಚೇರಿಯ ಕಂಪ್ಯೂಟರಿಗೆ ಮರವೂ ಗೊತ್ತಿಲ್ಲ, ಗೇಟೂ ಗೊತ್ತಿಲ್ಲ. ಈಕೆ ಒಂದು ಕಡೆ ಇದ್ದಾಳೆ, ಈತ ಇನ್ನೊಂದು ಕಡೆ ಇದ್ದಾನೆ ಎಂದು ತಿಳಿದು, ಸಂದರ್ಶನಕ್ಕೆ ಇಬ್ಬರಿಗೂ ಬೇರೆ ಬೇರೆ ದಿನ, ಬೇರೆ ಬೇರೆ ಊರು ಗೊತ್ತು ಮಾಡಿತು. ನಮಗೆ ಬಂದ ಸಂದೇಶದಲ್ಲಿ ಇದ್ದದ್ದು ಯೊರ್ಲೆನಿಯ ತಾರೀಖು ಮಾತ್ರ. ಗಂಡ ಹೆಂಡತಿ ಜೋಡಿಯಾಗಿ ಬರಬೇಕಾದ ಸಂದರ್ಶನವಲ್ಲವೇ, ಇಬ್ಬರಿಗೂ ಅದೇ ದಿನವೆಂದು ನಾವು ನಂಬಿದೆವು.

ಸೆಪ್ಟೆಂಬರ್ ಮೂರು, ಮಂಗಳವಾರ. ಎಲಿಯೆಸೆರ್ ಮದುವೆಯ ಅಂಗಿಯನ್ನೇ ಇಸ್ತ್ರಿ ಮಾಡಿಸಿಕೊಂಡ. ನಸುಕಿನ ಮೊದಲ ಬಸ್ಸಿಗೆ ರಾಜಧಾನಿಗೆ ಹೋದೆವು. ನಾನೂ ಹೋದೆ, ಸಾಕ್ಷಿ ಬೇಕಾದೀತು ಎಂದು. ಹೆಸರು ಕೂಗಿದರು, ಯೊರ್ಲೆನಿಯದು ಮಾತ್ರ. ಕಿಟಕಿಯಲ್ಲಿದ್ದ ಹೆಂಗಸು ಕನ್ನಡಕದ ಮೇಲಿಂದ ನೋಡಿ, "ಗಂಡ ಎಲ್ಲಮ್ಮಾ?" ಎಂದಳು. "ಇಲ್ಲೇ ನಿಂತಿದ್ದಾರಲ್ಲ ಮೇಡಂ" ಎಂದು ಇವಳು ತೋರಿಸಿದಳು. "ಇವತ್ತಿನ ಪಟ್ಟಿಯಲ್ಲಿ ಅವರಿಲ್ಲ. ಅವರದು ಗುರುವಾರ, ಕರಾವಳಿ ಶಾಖೆಯಲ್ಲಿ." ಕಣ್ಣೆದುರಿಗೇ ನಿಂತ ಮನುಷ್ಯನನ್ನು ಬಿಟ್ಟು ಪಟ್ಟಿಯಲ್ಲಿ ಗಂಡನನ್ನು ಹುಡುಕುವುದು ಯಾವ ಸೀಮೆ ನ್ಯಾಯ? ನಾನು ಬಾಯಿ ತೆರೆಯುವುದರೊಳಗೆ ಯೊರ್ಲೆನಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಮಗಳಿಗೆ ತಾಯಿ ಗೊತ್ತಿರುತ್ತಾಳೆ.

ಗುರುವಾರ ಮತ್ತೆ ಹೊರಟೆವು. ಮೂರು ಗಂಟೆ ಬಸ್ಸು, ತಿರುವಿನ ಮೇಲೆ ತಿರುವು. ಯೊರ್ಲೆನಿ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಳು, ನಿಮ್ಮ ಮಗ ತನ್ನ ಇಸ್ತ್ರಿ ಅಂಗಿಯ ತೋಳಿನಿಂದಲೇ ಅವಳ ಬಾಯಿ ಒರೆಸಿದ. ಆ ಶಾಖೆಯಲ್ಲಿ ಅವನ ಹೆಸರು ಕೂಗಿದರು. "ಹೆಂಡ್ತಿ ಎಲ್ಲಿ?" "ಇಲ್ಲೇ ಇದ್ದಾಳೆ ಸಾರ್." "ಇವತ್ತಿನ ಪಟ್ಟೀಲಿ ಇಲ್ವಲ್ಲಪ್ಪಾ. ಅವರದು ಮಂಗಳವಾರವೇ ಆಗಿಹೋಗಿದೆ, ಪತಿ ಗೈರುಹಾಜರು ಅಂತ ಬರ್ದಿದ್ದಾರೆ. ಈಗ ನಾನು ಪತ್ನಿ ಗೈರುಹಾಜರು ಅಂತ ಬರೀಬೇಕು." ಬರೆದೇಬಿಟ್ಟ, ಅವಳ ಮುಖ ನೋಡುತ್ತಲೇ ಬರೆದ. ಎರಡೂ ದಿನ ಇಬ್ಬರೂ ಜೋಡಿಯಾಗಿ ಹೋಗಿದ್ದೇವೆ, ಕಾಗದದ ಪ್ರಕಾರ ಎರಡೂ ದಿನ ಒಬ್ಬೊಬ್ಬರೇ. ನನಗೆ ಸಿಟ್ಟಿನಲ್ಲೂ ನಗು ಬಂತು. ಎಲಿಯೆಸೆರ್‌ಗೆ ಬರಲಿಲ್ಲ.

ವಾರದೊಳಗೆ ಕಾಗದ ಬಂತು. ದಂಪತಿಗಳು ಒಂದೇ ಸೂರಿನಡಿ ವಾಸಿಸುತ್ತಿರುವಂತೆ ತೋರುತ್ತಿಲ್ಲ, ಎರಡು ಬಾರಿ ಗೈರುಹಾಜರಿ, ಹತ್ತು ಕೆಲಸದ ದಿನಗಳಲ್ಲಿ ಸರಿಪಡಿಸದಿದ್ದರೆ ಅರ್ಜಿ ಮುಚ್ಚಲಾಗುವುದು ಎಂದು. ಅದೇ ಭಾನುವಾರ ನೀವು ಫೋನು ಮಾಡಿ, ಪರದೆಯ ಮೇಲೆ ಮಗನ ಮುಖ ಬರೀ ಹೊಗೆಯಾಗಿ ಕಾಣುತ್ತದೆ ಎಂದು ಅತ್ತಿದ್ದಿರಿ. ಅವನು ನಿಮಗೆ "ಎಲ್ಲಾ ಸರಿಯಾಗಿದೆ ಅಮ್ಮಾ" ಎಂದು ಹೇಳಿ ಫೋನಿಟ್ಟ. ಆಮೇಲೆ ಒಳಗೆ ಹೋಗಿ ಚೀಲ ತುಂಬಲು ಶುರು ಮಾಡಿದ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಎರಡು ಅಂಗಿ, ಉಳಿ, ಕೈಗರಗಸ. "ಎಲ್ಲಿಗೋ?" ಎಂದೆ. "ಹೋಗ್ತೀನಿ ಅತ್ತೆ. ಹೇಗೂ ಮುಚ್ತಾರೆ. ಕಾರ್ಡಿಗೆ ಕಾಯ್ತಾ ಕೂತು ಅಮ್ಮನ ಕಣ್ಣು ಹೋದ್ರೆ ಆ ಕಾರ್ಡು ತಗೊಂಡು ಏನ್ಮಾಡ್ಲಿ? ಯೊರ್ಲೆನೀನ ನೋಡ್ಕೊಳ್ಳಿ." ಅವನು ಅಳುತ್ತಿರಲಿಲ್ಲ, ಅದನ್ನೇ ನೋಡಲಾಗಲಿಲ್ಲ ನನಗೆ. ಯೊರ್ಲೆನಿ ಮಂಚದ ತುದಿಯಲ್ಲಿ ಕೂತು ಅವನು ಹಾಕಿದ ಅಂಗಿಯನ್ನು ಒಂದೊಂದಾಗಿ ತೆಗೆಯುತ್ತಿದ್ದಳು, ಅವನು ಮತ್ತೆ ಹಾಕುತ್ತಿದ್ದ. ಅತ್ತ ದರಿ, ಇತ್ತ ಪುಲಿ. ಹೋದರೆ ಹೆಂಡತಿ ಈ ಕಡೆ, ಉಳಿದರೆ ತಾಯಿ ಆ ಕಡೆ.

ಹೇಗೆ ತಡೆಯಲಿ ಎಂದು ತಿಳಿಯದೆ, "ನಿನ್ನ ಕಾಗದ ಕೊಡು ಇಲ್ಲಿ" ಎಂದು ಕಸಿದುಕೊಂಡು ಅವನು ಬರೆದಿದ್ದ ವಿಳಾಸ ಓದಿದೆ. ಅಲ್ಲಿಯವರೆಗೆ ನಾನು ಅದನ್ನು ನೋಡಿರಲಿಲ್ಲ. ಪಂಕ್ಚರ್ ಅಂಗಡಿಯಿಂದ ನೂರು ಮೀಟರ್ ಕೆಳಕ್ಕೆ, ಹಸಿರು ಗೇಟು. ಎರಡು ಸಲ ಓದಿದೆ ಅಕ್ಕ. ಅವನು ಬರೆದಿದ್ದು ನಾನು ಕೊಟ್ಟ ಬಾಗಿಲಿನ ವಿಳಾಸ. ಕಚೇರಿಯವರನ್ನು ಎರಡು ವಾರ ಬೈದಿದ್ದೆ, ಕಂಪ್ಯೂಟರನ್ನು ಬೈದಿದ್ದೆ, ಅತ್ತಿಮರ ಕಡಿಸಿದ ಊರಿನವರನ್ನೂ ಬೈದಿದ್ದೆ. ಈ ಮಕ್ಕಳ ಸಂಸಾರವನ್ನು ಕಾಗದದ ಮೇಲೆ ಎರಡು ಮನೆ ಮಾಡಿದವಳು ನಾನೇ. "ಮುಂದಿನ ಬಾಗಿಲು ಇದೆ ಅಂತ ಯಾಕೋ ಬರೀಲಿಲ್ಲ?" ಎಂದು ಕೇಳಿದೆ. ಪಾಪ, ಅವನು ಸಹಜವಾಗಿಯೇ ಹೇಳಿದ, "ಅದು ನಿಮ್ಮ ಬಾಗಿಲು ಅಲ್ವಾ ಅತ್ತೆ." ನಾನು ಅಡುಗೆಮನೆಗೆ ಹೋಗಿ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ವಾಪಸ್ ಬಂದು, "ಹತ್ತು ದಿನ ಕೊಡೋ. ಹತ್ತು ದಿನದಲ್ಲಿ ನಾನು ಸರಿಮಾಡದಿದ್ರೆ ನಾನೇ ನಿನ್ನ ಚೀಲ ಹೊತ್ಕೊಂಡು ಗಡಿ ತನಕ ಬರ್ತೀನಿ" ಎಂದೆ. ಅವನು ಚೀಲವನ್ನು ಬಿಚ್ಚಲಿಲ್ಲ. ಮಂಚದ ಕೆಳಗೆ ತಳ್ಳಿದ, ಅಷ್ಟೇ.

ಮರುದಿನ ಮೂವರೂ ಮತ್ತೆ ಅದೇ ಕಿಟಕಿಗೆ ಹೋದೆವು, ಅದೇ ಕನ್ನಡಕದ ಹೆಂಗಸು. ಅವನ ವಿಳಾಸವನ್ನು ಅತ್ತಿಮರಕ್ಕೆ ಬದಲಾಯಿಸಿಬಿಡಿ ಎಂದೆವು. ಆಕೆ ಹೇಳಿದಳು, "ಈಗ ಬದಲಾಯಿಸಿದ್ರೆ ಅವರು ಇವತ್ತಿನಿಂದ ಮನೆ ಬದಲಾಯಿಸಿದ್ರು ಅಂತ ದಾಖಲಾಗುತ್ತೆ. ಅಂದ್ರೆ ಇಷ್ಟು ದಿನ ಬೇರೆ ಇದ್ದದ್ದು ನಿಜ ಅಂತ ನೀವೇ ಒಪ್ಕೊಂಡ ಹಾಗೆ." ಕೇಳಿದಿರಾ? ತಪ್ಪು ತಿದ್ದಿದರೆ ತಪ್ಪೇ ಗಟ್ಟಿಯಾಗುತ್ತದೆ! ಆಗ ಯೊರ್ಲೆನಿ ನನ್ನ ಕೈ ಹಿಡಿಯಲಿಲ್ಲ. ನಾನು ಶುರು ಮಾಡಿದೆ. "ಅಮ್ಮಾ ತಾಯಿ, ತಿದ್ದಬೇಡಿ. ಎರಡೂ ಹಾಗೇ ಇರ್ಲಿ. ನಿಮ್ಮವರು ಒಬ್ರು ಬಂದು ಆ ಮರದಿಂದ ಒಂದ್ಸಲ ನಡೀಲಿ, ಪಂಕ್ಚರ್ ಅಂಗಡಿಯಿಂದ ಒಂದ್ಸಲ ನಡೀಲಿ. ಎರಡು ಮನೆ ಸಿಕ್ಕಿದ್ರೆ ನನ್ನನ್ನ ಜೈಲಿಗೆ ಹಾಕಿ. ಒಂದೇ ಸಿಕ್ಕಿದ್ರೆ ನನ್ನ ಅಳಿಯನ್ನ ನನಗೆ ಕೊಡಿ." ಹಿಂದೆ ಸಾಲಿನಲ್ಲಿದ್ದ ಯಾರೋ ಚಪ್ಪಾಳೆ ತಟ್ಟಿದರು. ಆಕೆ ನಗಲಿಲ್ಲ. ಒಂದು ಹಾಳೆ ಮುಂದೆ ತಳ್ಳಿ, "ಸ್ಥಳ ಪರಿಶೀಲನೆ ಬೇಕು ಅಂತ ಬರೀರಿ. ಜೊತೆಗೆ ನಕ್ಷೆ ಹಾಕಿ. ಅತ್ತಿಮರದಿಂದ ಅಂತೀರಲ್ಲ, ಆ ಮರ ಈಗಲೂ ಇದೆಯಾ?" ಎಂದಳು. "ಇಲ್ಲ." "ಗೊತ್ತಿತ್ತು. ನಮ್ಮ ತಾಯಿ ಮನೆ ವಿಳಾಸದಲ್ಲಿರೋ ಚಿತ್ರಮಂದಿರ ಸುಟ್ಟು ನಲವತ್ತು ವರ್ಷ ಆಯ್ತು" ಎಂದಳು. ನೋಡಿ ಅಕ್ಕ, ಕಿಟಕಿಯ ಆಚೆಗೂ ಒಂದು ತಾಯಿಮನೆ ಇರುತ್ತದೆ. ನಕ್ಷೆ ಬರೆದವನು ಎಲಿಯೆಸೆರ್, ಬಡಗಿಯ ಅಳತೆಪಟ್ಟಿ ಇಟ್ಟು ಗೆರೆ ಎಳೆದ. ಇಲ್ಲದ ಮರವನ್ನು ಚುಕ್ಕಿ ಚುಕ್ಕಿಯಲ್ಲಿ ಬರೆದ. ಹತ್ತು ದಿನ ಮುಗಿಯುವುದಕ್ಕೆ ಇನ್ನೂ ನಾಲ್ಕು ದಿನವಿರುವಾಗ ಒಪ್ಪಿಸಿದೆವು.

ಪರಿಶೀಲನೆಗೆ ಬರುವ ದಿನವನ್ನು ಅವರು ಹೇಳುವುದಿಲ್ಲವಂತೆ. ಮೈಯೆಲ್ಲ ಕಣ್ಣಾಗಿ ಕಾದೆವು. ಅಕ್ಟೋಬರ್ ಒಂಬತ್ತರಂದು ಬೆಳಿಗ್ಗೆ ಕೆಸಾದಾ ಎಂಬ ತೆಳ್ಳನೆಯ ಮನುಷ್ಯ, ಹೊಳೆಯುವ ಬೂಟು ಹಾಕಿಕೊಂಡು, ಮುಂಬಾಗಿಲು ತಟ್ಟಿದ. ಮರ ಇದ್ದ ಜಾಗವನ್ನು ಇಗರ್ಜಿಯ ಹತ್ತಿರ ಯಾರನ್ನೋ ಕೇಳಿದನಂತೆ, ಅವರು ಬಂದು ಖಾಲಿ ನೆಲವನ್ನು ತೋರಿಸಿದರಂತೆ, ಅಲ್ಲಿಂದ ಹೆಜ್ಜೆ ಎಣಿಸಿಕೊಂಡು ಬಂದಿದ್ದಾನೆ. ಬಟ್ಟೆಯಲ್ಲಿ ಸೋಸಿದ ಕಾಫಿ ಕೊಟ್ಟೆ. ಎಲಿಯೆಸೆರ್ ಕೆಲಸಕ್ಕೆ ಹೋಗಿದ್ದ. ಯೊರ್ಲೆನಿ ಅವನ ಬಟ್ಟೆ, ಮದುವೆ ಫೋಟೋ, ಮಂಚದ ಕೆಳಗಿನ ಚೀಲ ಎಲ್ಲ ತೋರಿಸಿದಳು. ಚೀಲ ನೋಡಿ ಅವನು ಹುಬ್ಬೇರಿಸಿದ. "ತುಂಬಿರೋ ಚೀಲ ಯಾಕಮ್ಮ? ಯಾರು ಹೊರಟಿದ್ದಾರೆ?" ಇವಳು ನನ್ನ ಕಡೆ ತಿರುಗಿದಳು. ನಾನು ಹೇಳಿದೆ, "ಅವನ ಅಮ್ಮನಿಗೆ ಕಣ್ಣು ಕಾಣ್ತಿಲ್ಲ ಸಾರ್. ನೀವು ಬೇಗ ಬರೆದ್ರೆ ಆ ಚೀಲ ಹೋಗಿ ವಾಪಸ್ ಬರುತ್ತೆ. ನೀವು ತಡ ಮಾಡಿದ್ರೆ ಹೋಗುತ್ತೆ, ಬರಲ್ಲ." ಅವನು ಪುಸ್ತಕದಲ್ಲಿ ಏನೋ ಬರೆದುಕೊಂಡ. "ಈಗ ಗಂಡನ ವಿಳಾಸಕ್ಕೆ ಹೋಗಬೇಕು" ಎಂದು ಎದ್ದ. "ಇದೇ ಕಣಪ್ಪಾ ಅದು!" "ಇರಬಹುದಮ್ಮ, ಆದ್ರೆ ಕಾಗದದಲ್ಲಿ ಇರೋ ಹಾಗೇ ನಾನು ನಡೀಬೇಕು." ಮಳೆ ಶುರುವಾಗಿತ್ತು. ಕೊಡೆ ತಗೊಂಡು ಹೋಗು ಎಂದೆ, ನಿಯಮದಲ್ಲಿ ಇಲ್ಲ ಎಂದ. ಹೊಳೆಯುವ ಬೂಟಿನಲ್ಲೇ ಬೆಟ್ಟ ಸುತ್ತಿ ಪಂಕ್ಚರ್ ಅಂಗಡಿಗೆ ಹೋಗಿ, ಅಲ್ಲಿಂದ ನೂರು ಮೀಟರ್ ಇಳಿದು, ಕೆಸರು ಮೆತ್ತಿಕೊಂಡು ಹಸಿರು ಗೇಟಿನ ಮುಂದೆ ಬಂದು ನಿಂತ. ನಾನು ಹಿತ್ತಲಿನ ಸೂರಿನಡಿ ಟವೆಲ್ ಹಿಡಿದುಕೊಂಡು ಕಾಯುತ್ತಿದ್ದೆ. "ಬಾರಪ್ಪಾ, ಎರಡನೇ ಮನೆಗೆ ಸ್ವಾಗತ. ಇಲ್ಲೂ ಕಾಫಿ ಇದೆ" ಎಂದೆ. ಆ ಮನುಷ್ಯ ಗೇಟನ್ನು ತಳ್ಳಿ ತೆಗೆದ, ಮತ್ತೆ ಹಾಕಿದ, ಮತ್ತೆ ತೆಗೆದ. "ಶಬ್ದವೇ ಬರಲ್ವಲ್ಲ, ಯಾರು ಮಾಡಿದ್ದು?" ಎಂದು ಕೇಳಿದ. "ಈ ಮನೆ ಅಳಿಯ" ಎಂದೆ. ಅಕ್ಕ, ಆ ಪದವನ್ನು ಹೊರಗಿನವರ ಮುಂದೆ ನಾನು ಎದೆಯುಬ್ಬಿಸಿ ಹೇಳಿದ್ದು ಅದೇ ಮೊದಲು. ನನಗೇ ನಾಚಿಕೆಯಾಯಿತು, ಇಷ್ಟು ತಡವಾಯಿತಲ್ಲ ಎಂದು.

ಅಕ್ಟೋಬರ್ ಇಪ್ಪತ್ತೊಂಬತ್ತಕ್ಕೆ ಇಬ್ಬರಿಗೂ ಒಂದೇ ದಿನ, ಒಂದೇ ಗಂಟೆ, ಒಂದೇ ಮೇಜು. ಏನೇನೋ ಕೇಳಿದರಂತೆ. ಯಾರು ಮೊದಲು ಏಳುತ್ತಾರೆ, ಯಾರು ಗೊರಕೆ ಹೊಡೆಯುತ್ತಾರೆ, ಮನೆಯಲ್ಲಿ ಅನ್ನಕ್ಕೆ ಕಲಸುವುದು ಕಪ್ಪು ಕಾಳೋ ಕೆಂಪು ಕಾಳೋ. ಆ ಪ್ರಶ್ನೆಗೆ ಇಬ್ಬರೂ ಬೇರೆ ಬೇರೆ ಹೇಳಿ ಸಿಕ್ಕಿಬಿದ್ದರು ಎಂದುಕೊಂಡಿರಾ? ಇಬ್ಬರೂ, "ವಾರದಲ್ಲಿ ಕಪ್ಪು, ಭಾನುವಾರ ಕೆಂಪು" ಎಂದರಂತೆ. ನಿಜ ಅಕ್ಕ, ಭಾನುವಾರ ನಾನು ನಿಮ್ಮ ಕಡೆಯ ಕೆಂಪು ಕಾಳನ್ನೇ ಬೇಯಿಸುತ್ತೇನೆ. ನನಗೆ ಇಷ್ಟವೆಂದು ತಿಳಿಯಬೇಡಿ, ಅವನು ಎರಡು ಸಲ ಹಾಕಿಸಿಕೊಳ್ಳುತ್ತಾನೆ, ಅದಕ್ಕೆ. ಕೊನೆಗೆ ಆ ಅಧಿಕಾರಿ, "ಮನೇಲಿ ಯಾರ್ಯಾರು ಇದ್ದೀರಿ?" ಎಂದು ಕೇಳಿದಾಗ ನಿಮ್ಮ ಮಗ, "ನಾನು, ನನ್ನ ಹೆಂಡ್ತಿ, ನಮ್ಮಮ್ಮ" ಎಂದುಬಿಟ್ಟ. ಅಧಿಕಾರಿ ಕಡತ ತಿರುವಿದ. "ನಿಮ್ಮ ತಾಯಿ ನಿಕರಾಗುವಾದಲ್ಲಿ ಸಾನ್ ಹೊರ್ಹೆಯಲ್ಲಿ ಇದ್ದಾರೆ ಅಂತ ಬರ್ದಿದೆ?" ಯೊರ್ಲೆನಿಗೆ ಜೀವ ಹೋಯಿತಂತೆ, ಮತ್ತೆ ಎರಡು ವಿಳಾಸ ಬಂತಲ್ಲಪ್ಪಾ ದೇವರೇ ಎಂದು. ಇವನು ಮಾತ್ರ ತಣ್ಣಗೆ, "ಅಲ್ಲೊಬ್ರು, ಇಲ್ಲೊಬ್ರು ಸಾರ್. ಈ ಸಲ ನಿಜವಾಗ್ಲೂ ಎರಡು ಮನೆ" ಎಂದನಂತೆ. ನಾನು ಹೊರಗೆ ಬೆಂಚಿನ ಮೇಲಿದ್ದೆ, ಇದನ್ನು ಯೊರ್ಲೆನಿ ಆಮೇಲೆ ಹೇಳಿದಳು. ನೀವು ಬೇಸರ ಮಾಡಿಕೊಳ್ಳಬಾರದು ಪೆತ್ರೋನಕ್ಕ. ನಿಮ್ಮ ಜಾಗಕ್ಕೆ ನಾನು ಬಂದಿಲ್ಲ, ನಿಮ್ಮ ಪಕ್ಕದಲ್ಲಿ ಸ್ವಲ್ಪ ಜಾಗ ಕೊಟ್ಟಿದ್ದಾನೆ, ಕೂತಿದ್ದೇನೆ.

ಹೋದ ವಾರ ಕರೆಸಿ, ಅರ್ಜಿ ಮಂಜೂರಾಗಿದೆ ಎಂದರು. ಆಯಿತಪ್ಪಾ ಎಂದು ಉಸಿರು ಬಿಡುವಷ್ಟರಲ್ಲಿ, ಕಾರ್ಡು ತೆಗೆದುಕೊಳ್ಳಲು ಯಾವತ್ತು ಬರಬೇಕೆಂದು ಅಲ್ಲಿದ್ದ ಒಬ್ಬ ಗುಮಾಸ್ತ ಕೈಯಲ್ಲೇ ಒಂದು ಚೀಟಿ ಬರೆದುಕೊಟ್ಟ. ಬಸ್ಸಿನಲ್ಲಿ ಕೂತ ಮೇಲೆ ಓದಿದೆವು. ನವೆಂಬರ್ ಮೂವತ್ತೊಂದು, ಬೆಳಿಗ್ಗೆ ಎಂಟು ಗಂಟೆ. ನವೆಂಬರಿಗೆ ಮೂವತ್ತೇ ದಿನ ಎಂದು ಒಂದನೇ ಕ್ಲಾಸಿನ ಮಗುವಿಗೂ ಗೊತ್ತು! ಮೊದಲು ಇಲ್ಲದ ಮರ, ಈಗ ಇಲ್ಲದ ದಿನ. ನಿಮ್ಮ ಮಗ ಆ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ ಕಿಟಕಿಯ ಆಚೆ ಮುಖ ಮಾಡಿದ. ಈ ಸಲ ನಕ್ಕವನು ಅವನೇ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಯಾವ ನೀರು ಎಂದು ನಾನು ಕೇಳಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರುವುದಕ್ಕೆ ಎಷ್ಟು ಅಡ್ಡಿ ನೋಡಿ.

ಇದೇ ಅಕ್ಕ ನಡೆದ ಸಂಗತಿ. ಮುಚ್ಚಿಟ್ಟಿದ್ದು ನಿಮ್ಮ ಮೇಲಿನ ಪ್ರೀತಿಯಿಂದ, ಅವನನ್ನು ಬೈಯಬೇಡಿ. ಬೈಯಬೇಕಾದರೆ ನನ್ನನ್ನು ಬೈಯಿರಿ, ಹಿತ್ತಲ ಬಾಗಿಲು ತೋರಿಸಿದವಳನ್ನು. ನಿಮ್ಮ ಮಗನನ್ನು ಒಳ್ಳೆಯವನಾಗಿ ಬೆಳೆಸಿದ್ದೀರಿ. ನನ್ನ ಯಜಮಾನರು ಇದ್ದಿದ್ದರೆ ಅವನ ಗೇಟನ್ನು ನೋಡಿ ಒಂದು ಗಂಟೆ ಮಾತಾಡುತ್ತಿದ್ದರು. ಯೊರ್ಲೆನಿ ನಿಮ್ಮ ಕಾಲಿಗೆ ಬಿದ್ದು ಆಶೀರ್ವಾದ ಬೇಡಿದ್ದಾಳೆಂದು ತಿಳಿಯಿರಿ. ಅವಳು ಕರಾವಳಿ ಬಸ್ಸಿನಲ್ಲಿ ವಾಂತಿ ಮಾಡಿಕೊಂಡಿದ್ದು ತಿರುವಿನಿಂದ ಮಾತ್ರವಲ್ಲ ಎಂದು ಈಗ ತಿಳಿದಿದೆ, ಐದನೇ ತಿಂಗಳು ನಡೆಯುತ್ತಿದೆ. ಆ ಮಗು ಯಾವ ಬಾಗಿಲಿನಿಂದ ಬೇಕಾದರೂ ಓಡಾಡಲಿ. ಟೀಚರ್‌ಗೆ, ನಿಮ್ಮ ಬೀದಿಯವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ. ಕನ್ಯೆ ಮರಿಯಮ್ಮ ನಿಮ್ಮ ಕಣ್ಣಿನ ಬೆಳಕನ್ನು ಕಾಪಾಡಲಿ.

ನಿಮ್ಮ ಪ್ರೀತಿಯ ಬೀಗಿತಿ,
ಸೆನೈದಾ

ಮರೆತಿದ್ದೆ, ಬಸ್ಸಿಗೆ ಹೊತ್ತಾಯಿತು, ಬೇಗ ಬರೆಯುತ್ತೇನೆ. ಆ ಚೀಟಿ ಹಿಡಿದುಕೊಂಡು ಈ ಸೋಮವಾರ ಅದೇ ಕನ್ನಡಕದ ಹೆಂಗಸಿನ ಕಿಟಕಿಗೆ ಹೋಗಿದ್ದೆವು. ಆಕೆ ತಾರೀಖು ನೋಡಿ ಮೊದಲ ಸಲ ನಕ್ಕಳು. "ಬರದೇ ಇರೋ ದಿನಕ್ಕೆ ಯಾಕೆ ಕಾಯ್ತೀರಿ" ಎಂದು ಒಳಗೆ ಹೋಗಿ ಕಾರ್ಡು ತಂದು ಕೈಗೇ ಕೊಟ್ಟಳು. ಹಾಗಾಗಿ ಮಂಚದ ಕೆಳಗಿನ ಚೀಲ ಇವತ್ತು ಹೊರಗೆ ಬಂತು. ಮುಂಬಾಗಿಲಿನಿಂದಲೇ ಹೊರಡಿಸುತ್ತಿದ್ದೇನೆ, ಬೀದಿಯವರೆಲ್ಲ ನೋಡಲಿ ಎಂದು ಹೊಸ್ತಿಲ ಮೇಲೆ ನಿಲ್ಲಿಸಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಎರಡು ವಾರ ನಿಮ್ಮ ಹತ್ತಿರ ಇಟ್ಟುಕೊಂಡು ವಾಪಸ್ ಕಳಿಸಿ, ಆ ಬಾಗಿಲನ್ನು ಹಾಗೇ ತೆರೆದಿಟ್ಟಿರುತ್ತೇನೆ. ನಿಮ್ಮ ಎದೆ ಒಮ್ಮೆಲೇ ತಡೆಯಲಾರದೆಂದು, ಟೀಚರ್ ಪೂರ್ತಿ ಓದಿ ಮುಗಿಸುವ ತನಕ ಹತ್ತಿರ ಬರಬೇಡ, ಕೆಮ್ಮಲೂ ಬೇಡ ಎಂದು ಈ ಪತ್ರ ತಂದವನಿಗೆ ಹೇಳಿ ಕಳಿಸಿದ್ದೇನೆ. ನಿಮ್ಮ ವಿಳಾಸವನ್ನು ಲಕೋಟೆಯ ಮೇಲೆ ನಾನೇ ಬರೆದಿದ್ದೇನೆ, "ಬಿರುಗಾಳಿಗೆ ಬಿದ್ದ ಹುಣಸೆ ಮರದ ಎದುರು ಮನೆ." ಟೀಚರ್, ಇನ್ನು ನಗಬಹುದು. ಅಕ್ಕನ ಕೈ ಹಿಡಿದು ಎಬ್ಬಿಸಿ. ಪೆತ್ರೋನಕ್ಕ, ಹುಣಸೆ ಮರ ಇದ್ದ ಜಾಗದ ಕಡೆ ನೋಡಿ. ಮರ ಇಲ್ಲ, ಗೊತ್ತು. ಹೊಗೆಯ ಹಾಗೆ ಏನೋ ಒಂದು ನಿಂತಿರುವುದು ಕಾಣುತ್ತಿದೆಯಾ? ಹತ್ತಿರಕ್ಕೆ ಕರೆಯಿರಿ, ಇನ್ನೂ ಹತ್ತಿರಕ್ಕೆ.